ಕಣ್ಣು 6/6 ಇದೆ, ಆದರೂ ಎದುರಿಗಿರುವುದು ಸಿಗುವುದಿಲ್ಲ

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯವರು, ಅಡಿಕೆ ತೋಟವಿದೆ. ಮಗಳಿಗೆ 19 ವರ್ಷ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಾಳೆ, ರಜೆಗೆ ಬಸ್ಸಿನಲ್ಲಿ ಮನೆಗೆ ಬರುತ್ತಾಳೆ. ಅವಳಿಗೆ ಆಟಿಸಂ ಮತ್ತು ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಎರಡೂ ಇದೆ ಎಂದು ಕಳೆದ ವರ್ಷ ವೈದ್ಯರು ಹೇಳಿದರು. ಕಣ್ಣು ಎರಡು ಸಲ ತೋರಿಸಿದ್ದೇವೆ, 6/6 ಅಂದರು. ಆದರೆ ಅಡುಗೆಮನೆಯ ಗೂಡಿನಲ್ಲಿ ಎದುರಿಗೇ ಇರುವ ಡಬ್ಬಿ ಅವಳಿಗೆ ಸಿಗುವುದಿಲ್ಲ. ಮೆತ್ತಿನ (ಮಹಡಿಯ) ಮೆಟ್ಟಿಲು ಇಳಿಯುವಾಗ ಕಾಲಿನಲ್ಲಿ ತಡವಿ ತಡವಿ ಇಳಿಯುತ್ತಾಳೆ. ಪೇಟೆಗೆ ಹೋದರೆ ಅರ್ಧ ಗಂಟೆಯಲ್ಲಿ ತಲೆನೋವು. ಮದುವೆ ಮನೆಯಲ್ಲಿ ಸ್ವಂತ ಚಿಕ್ಕಮ್ಮನ ಗುರುತು ಹತ್ತಲಿಲ್ಲ, ಅವರಿಗೆ ಬೇಸರವಾಯಿತು. ಪರೀಕ್ಷೆಯಲ್ಲಿ ಸಾಲು ತಪ್ಪುತ್ತಾಳೆ. ಬಣ್ಣದ ಕನ್ನಡಕ ಹಾಕಿಸಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದ್ದಾರೆ, ಬೆಲೆ ಬಹಳ. ಹಾಕಿಸಬಹುದೇ? ಅವಳಿಗೆ ಸ್ಕೂಟರ್ ಕಲಿಯುವ ಆಸೆಯೂ ಇದೆ, ಕಲಿಸಬಹುದೇ?

ಉತ್ತರ: ನಿಮ್ಮ ಮಗಳು ಅಸಡ್ಡೆ ಮಾಡುತ್ತಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಇಂಥ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ‘ಕಣ್ಣು ಕಾಣಲ್ವಾ ನಿಂಗೆ’ ಎಂಬ ಮಾತನ್ನು ಸಾಕಾಗುವಷ್ಟು ಕೇಳಿರುತ್ತಾರೆ. ಕೊನೆಗೆ ‘ನಾನು ದಡ್ಡಿ’ ಎಂದು ತಾವೇ ನಂಬಿ, ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ.

6/6 ಎಂದರೆ, ಸಾಮಾನ್ಯ ದೃಷ್ಟಿಯವರು 6 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಅವಳೂ ಅಷ್ಟೇ ದೂರದಿಂದ ಓದುತ್ತಾಳೆ ಎಂದಷ್ಟೇ ಅರ್ಥ. ಆ ಪರೀಕ್ಷೆ ನಡೆಯುವ ರೀತಿ ನೋಡಿ: ಬಿಳಿ ಹಲಗೆ, ಕಪ್ಪು ಅಕ್ಷರ, ಅಲುಗಾಟವಿಲ್ಲ, ಸದ್ದಿಲ್ಲ, ಎಲ್ಲಿ ನೋಡಬೇಕೆಂದು ಮೊದಲೇ ಗೊತ್ತು, ಅವಸರವೂ ಇಲ್ಲ. ನಿಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದೇ ಥರದ ಇಪ್ಪತ್ತು ಸ್ಟೀಲ್ ಡಬ್ಬಿಗಳಿರುತ್ತವೆ, ಮಳೆಗಾಲದ ಮಬ್ಬು ಬೆಳಕಿರುತ್ತದೆ, ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರುತ್ತದೆ, ಹಿಂದಿನಿಂದ ‘ಬೇಗ ಕೊಡೇ’ ಎಂದು ಕರೆಯುತ್ತಿರುತ್ತಾರೆ. ಕಣ್ಣಿನ ಆಸ್ಪತ್ರೆಯ ಬೋರ್ಡು ಈ ಎರಡನೆಯ ಕೆಲಸವನ್ನು ಅಳೆಯುವುದೇ ಇಲ್ಲ.

ಕಣ್ಣಿನಿಂದ ಹೊರಟ ಮಾಹಿತಿ ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಕೇಂದ್ರ ತಲುಪಿ, ಅಲ್ಲಿಂದ ಎರಡು ದಾರಿ ಹಿಡಿಯುತ್ತದೆ. ಕಿವಿಯ ಕಡೆಗೆ ಹೋಗುವ ಕೆಳದಾರಿ ‘ಇದು ಏನು, ಇವರು ಯಾರು’ ಎಂದು ಗುರುತಿಸುತ್ತದೆ. ನೆತ್ತಿಯ ಕಡೆಗೆ ಹೋಗುವ ಮೇಲ್ದಾರಿ ‘ಎಲ್ಲಿದೆ, ಎಷ್ಟು ದೂರ, ಎಷ್ಟು ವೇಗ, ಕೈಕಾಲು ಹೇಗೆ ಚಾಚಬೇಕು’ ಎಂದು ಲೆಕ್ಕ ಹಾಕುತ್ತದೆ. 1992ರಲ್ಲಿ ನರವಿಜ್ಞಾನಿಗಳಾದ ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ ಈ ವಿಂಗಡಣೆಯನ್ನು ಸ್ಪಷ್ಟವಾಗಿ ಮಂಡಿಸಿದರು. ಅವರು ಪರೀಕ್ಷಿಸಿದ ಒಬ್ಬ ಮಹಿಳೆಗೆ ಸೀಳುಗಂಡಿ ಅಡ್ಡವಿದೆಯೋ ಓರೆಯಿದೆಯೋ ಎಂದು ಹೇಳಲು ಆಗುತ್ತಿರಲಿಲ್ಲ. ಆದರೆ ಕೈಗೆ ಕಾರ್ಡು ಕೊಟ್ಟು ‘ಅದರೊಳಗೆ ಹಾಕಿ’ ಎಂದರೆ ಸರಿಯಾದ ಕೋನದಲ್ಲೇ ಹಾಕಿಬಿಡುತ್ತಿದ್ದರು. ಒಂದು ದಾರಿ ಕೆಟ್ಟರೂ ಇನ್ನೊಂದು ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಟಿಸಂ, ಡಿಸ್ಲೆಕ್ಸಿಯಾ (ಓದಿನ ತೊಡಕು) ಇರುವವರಲ್ಲಿ ಮತ್ತು ಅವಧಿಗೆ ಮುನ್ನ ಹುಟ್ಟಿದವರಲ್ಲಿ ಮೇಲ್ದಾರಿಗೇ ತೊಂದರೆಯಾಗುವುದು ಹೆಚ್ಚು ಎಂಬುದು 2003ರಿಂದೀಚೆಗೆ ಚರ್ಚೆಯಲ್ಲಿರುವ ವಿಚಾರ. ಮೆಟ್ಟಿಲು, ಜನಜಂಗುಳಿ, ಚಲಿಸುವ ವಾಹನ ಇವೆಲ್ಲ ಆ ದಾರಿಯ ಕೆಲಸಗಳೇ. ಮುಖದ ಗುರುತು ಕೆಳದಾರಿಯದು. ಎಡಿಎಚ್‌ಡಿ ಜೊತೆಗಿದ್ದರೆ ಇನ್ನೊಂದು ಕಷ್ಟ ಸೇರುತ್ತದೆ. ಕಂಡ ನೂರರಲ್ಲಿ ಬೇಕಾದ ಒಂದನ್ನು ಆರಿಸಿ ಹಿಡಿಯುವ ಗಮನ ಬಹುಬೇಗ ದಣಿಯುತ್ತದೆ. ನಿನ್ನೆ ಸಿಕ್ಕಿದ ಡಬ್ಬಿ ಇವತ್ತು ಸಿಗದಿರುವುದಕ್ಕೆ ಇದೇ ಕಾರಣ. ನಿದ್ದೆ, ಹಸಿವು, ಸದ್ದು, ಬೆಳಕು ಇವುಗಳಲ್ಲಿ ಯಾವುದು ಬದಲಾದರೂ ಅವಳ ನೋಟ ಬದಲಾಗುತ್ತದೆ.

ಮೊದಲು ಕಣ್ಣಿನ ಅನುಮಾನವನ್ನು ಪೂರ್ತಿ ಕಳೆದುಕೊಳ್ಳಿ

ಎರಡು ಸಲ ತೋರಿಸಿದ್ದರೂ ಇನ್ನೊಮ್ಮೆ ಹೋಗಬೇಕಾಗಬಹುದು, ಈ ಸಲ ಕೇಳುವುದನ್ನು ಬರೆದುಕೊಂಡು ಹೋಗಿ. ದೂರದ ಬೋರ್ಡು ಓದಿಸಿದ್ದು ಸಾಲದು. ಡ್ರಾಪ್ಸ್ ಹಾಕಿ ಪವರ್ ನೋಡಿದ್ದಾರೆಯೇ ಎಂದು ಕೇಳಿ. ಸಣ್ಣ ವಯಸ್ಸಿನವರ ಕಣ್ಣು ಪ್ಲಸ್ ಪವರ್ ದೋಷವನ್ನು ತಾನೇ ಕಷ್ಟಪಟ್ಟು ಮುಚ್ಚಿಹಾಕುತ್ತದೆ, ಡ್ರಾಪ್ಸ್ ಇಲ್ಲದೆ ಅದು ಸಿಗದೇ ಹೋಗಬಹುದು. ಡ್ರಾಪ್ಸ್ ಹಾಕಿದ ಮೇಲೆ ಸಾಮಾನ್ಯವಾಗಿ ಒಂದು ದಿನದವರೆಗೆ ಹತ್ತಿರದ್ದು ಮಸುಕಾಗುತ್ತದೆ, ಬೆಳಕು ಚುಚ್ಚುತ್ತದೆ. ಆದ್ದರಿಂದ ಪರೀಕ್ಷೆಯ ಹಿಂದಿನ ದಿನ ಬೇಡ, ಅವಳೊಬ್ಬಳನ್ನೇ ಬಸ್ಸಿನಲ್ಲಿ ಕಳಿಸುವುದೂ ಬೇಡ.

ಜೊತೆಗೆ ಈ ನಾಲ್ಕನ್ನು ನೋಡಿಸಿ: ಎರಡು ಕಣ್ಣೂ ಸೇರಿ ಎಷ್ಟು ಹತ್ತಿರದವರೆಗೆ ಒಂದೇ ಬಿಂದುವನ್ನು ಹಿಡಿಯುತ್ತವೆ, ಆಳದ ಗ್ರಹಿಕೆ, ಬೂದು ಬಣ್ಣದ ಮೇಲೆ ತಿಳಿಬೂದು ಗುರುತಿಸುವ ಶಕ್ತಿ, ಮತ್ತು ಎಡ ಬಲ ಕೆಳಗೆ ನೋಟದ ವ್ಯಾಪ್ತಿ. ಮೊದಲನೆಯದರಲ್ಲಿ ಪೆನ್ನಿನ ತುದಿ ಮೂಗಿನ ಹತ್ತಿರ ಬಂದಂತೆ ಸುಮಾರು 6 ಸೆಂಟಿಮೀಟರಿಗಿಂತ ಮೊದಲೇ ಎರಡಾಗಿ ಕಂಡರೆ, ಕಣ್ಣುಗಳು ಒಳಗೆ ತಿರುಗುವ ಶಕ್ತಿ ಕಡಿಮೆ ಇರಬಹುದು. ಇದಕ್ಕೆ ವ್ಯಾಯಾಮದಿಂದ ಲಾಭವಿದೆ. ಕೊನೆಯದು ಮೆಟ್ಟಿಲಿಗೆ ಬಹಳ ಮುಖ್ಯ. ನೋಟದ ಕೆಳಭಾಗ ಕಡಿಮೆಯಿದ್ದವರು ಕಾಲಿನಲ್ಲಿ ತಡವಿಯೇ ಇಳಿಯುತ್ತಾರೆ. ಹುಟ್ಟಿದಾಗ ತಿಂಗಳು ತುಂಬಿರಲಿಲ್ಲ, ಉಸಿರುಗಟ್ಟಿತ್ತು, ಫಿಟ್ಸ್ ಬಂದಿತ್ತು ಎಂಬ ಚರಿತ್ರೆಯಿದ್ದರೆ ಅದನ್ನು ಮರೆಯದೆ ಹೇಳಿ.

ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಕೆಲವರಲ್ಲಿ ನೋಟ ಮಸುಕು ಮಾಡುತ್ತದೆ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಹತ್ತಿರದ ಓದನ್ನು ಕೆಡಿಸುತ್ತದೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗವಿದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ. ಮಿದುಳಿನ ಕಡೆಯ ವಿವರವಾದ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಒಂದು ಎಚ್ಚರಿಕೆ: ಈ ತೊಂದರೆ ಚಿಕ್ಕಂದಿನಿಂದ ಇದ್ದದ್ದಾದರೆ ನಿಧಾನವಾಗಿ ಮುಂದುವರಿಯಬಹುದು. ಇತ್ತೀಚೆಗೆ ಶುರುವಾಗಿದ್ದರೆ, ಬೆಳಗಿನ ತಲೆನೋವಿನ ಜೊತೆ ವಾಂತಿಯಿದ್ದರೆ, ಎರಡೆರಡು ಕಾಣುತ್ತಿದ್ದರೆ, ಮಾತಿನ ಮಧ್ಯೆ ಕೆಲವು ಸೆಕೆಂಡು ಶೂನ್ಯ ನೋಡುತ್ತ ನಿಂತುಬಿಡುತ್ತಿದ್ದರೆ ಕಾಯಬೇಡಿ, ನರರೋಗ ತಜ್ಞರಿಗೆ ತೋರಿಸಿ.

ತೊಡಕು ಎಲ್ಲಿದೆ ಎಂದು ಮನೆಯಲ್ಲೇ ನೋಡುವ ಬಗೆ

ಚಿತ್ತಾರವಿಲ್ಲದ, ಒಂದೇ ಬಣ್ಣದ ಟವಲಿನ ಮೇಲೆ ಕೀಲಿ, ಪೆನ್ನು, ಬಾಚಣಿಗೆ ಮೂರೇ ಇಟ್ಟು ‘ಕೀಲಿ ಕೊಡು’ ಎನ್ನಿ. ಆಮೇಲೆ ಹೂವಿನ ಚಿತ್ತಾರದ ಹೊದಿಕೆಯ ಮೇಲೆ ಹನ್ನೆರಡು ಸಾಮಾನು ಹರಡಿ ಅದನ್ನೇ ಕೇಳಿ. ಮೊದಲನೆಯದು ತಕ್ಷಣ ಸಿಕ್ಕಿ ಎರಡನೆಯದು ಸಿಗದಿದ್ದರೆ ಒತ್ತಣೆಯ ತೊಂದರೆ. ಪಕ್ಕಪಕ್ಕದ ವಸ್ತುಗಳು ಒಂದರೊಳಗೊಂದು ಬೆರೆತು ಕಾಣುತ್ತಿವೆ. ನೆಲದ ಬಣ್ಣ ಬದಲಾಗುವ ಸಮತಟ್ಟಾದ ಜಾಗದಲ್ಲಿ, ಉದಾಹರಣೆಗೆ ಕಾವಿ ನೆಲ ಮುಗಿದು ಟೈಲ್ಸ್ ಶುರುವಾಗುವಲ್ಲಿ, ಮೆಟ್ಟಿಲಿದೆಯೆಂಬಂತೆ ಕಾಲೆತ್ತಿ ಇಡುತ್ತಾಳೆಯೇ ನೋಡಿ. ಇಟ್ಟರೆ ಅದು ಆಳದ ತೊಂದರೆ. ಪರಿಚಿತರು ಮಾತಾಡಿದ ಕೂಡಲೇ ಗುರುತು ಹಿಡಿದು, ಸುಮ್ಮನಿದ್ದಾಗ ಹಿಡಿಯದಿದ್ದರೆ ಅದು ಮುಖದ್ದು. ಇದನ್ನು ಅವಳಿಗೆ ತಿಳಿಸಿಯೇ, ಅವಳ ಒಪ್ಪಿಗೆ ಪಡೆದೇ ಮಾಡಿ. ಮಗಳು ದೊಡ್ಡವಳು, ಕದ್ದು ಪರೀಕ್ಷಿಸಿದರೆ ನಂಬಿಕೆ ಹೋಗುತ್ತದೆ.

ಜೊತೆಗೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಲಿ: ಏನು ಸಿಗಲಿಲ್ಲ, ಎಷ್ಟು ಹೊತ್ತಿಗೆ, ಬೆಳಕು ಹೇಗಿತ್ತು, ಸುತ್ತ ಏನು ಅಲುಗುತ್ತಿತ್ತು, ಎಷ್ಟು ನಿದ್ದೆಯಾಗಿತ್ತು. ವೈದ್ಯರಿಗೆ ‘ಸರಿಯಾಗಿ ನೋಡಲ್ಲ’ ಎನ್ನುವುದಕ್ಕಿಂತ ಆ ಪುಸ್ತಕ ಹತ್ತು ಪಾಲು ಹೆಚ್ಚು ಹೇಳುತ್ತದೆ.

ಮನೆಯಲ್ಲಿ

ಇಲ್ಲಿ ನಮ್ಮ ಸ್ಪಷ್ಟ ಅಭಿಪ್ರಾಯವಿದೆ: ಮೊದಲು ಮನೆ ಬದಲಾಗಲಿ, ಮಗಳನ್ನು ಬದಲಿಸುವ ಮಾತು ಆಮೇಲೆ. ಕಣ್ಣೆದುರಿನ ಸಾಮಾನು ಕಡಿಮೆ ಮಾಡಿ, ಅಂಚುಗಳನ್ನು ಎದ್ದು ಕಾಣಿಸಿ, ಜಾಗ ಖಾಯಂ ಮಾಡಿ. ಇದಕ್ಕೆ ತಗಲುವ ಖರ್ಚು ಅತಿ ಕಡಿಮೆ, ಫಲ ಅವತ್ತೇ ಕಾಣುತ್ತದೆ.

ಮೆತ್ತಿಗೆ ಹೋಗುವ ಮರದ ಮೆಟ್ಟಿಲು ಮಲೆನಾಡಿನ ಹಳೆ ಮನೆಗಳಲ್ಲಿ ಕಡಿದಾಗಿರುತ್ತದೆ, ಮೆಟ್ಟಿಲೆಲ್ಲ ಒಂದೇ ಕಪ್ಪು. ಇಳಿಯುವವರಿಗೆ ಅದು ಇಳಿಜಾರು ಹಲಗೆಯಂತೆ ಕಾಣಬಹುದು. ಪ್ರತಿ ಮೆಟ್ಟಿಲಿನ ಮುಂದಿನ ಅಂಚಿಗೆ 5 ಸೆಂಟಿಮೀಟರ್, ಅಂದರೆ ಎರಡು ಇಂಚು ಅಗಲದ ಹಳದಿ ಪಟ್ಟಿ ಹಾಕಿಸಿ, ಎಡತುದಿಯಿಂದ ಬಲತುದಿಯವರೆಗೆ. ಅಂಚಿನ ಮುಖಕ್ಕೂ ಅಷ್ಟೇ ಅಗಲ ಬಳಿದರೆ ಹತ್ತುವಾಗಲೂ ಉಪಯೋಗ. ಇಡೀ ಮೆಟ್ಟಿಲಿಗೆ ಬಣ್ಣ ಬಳಿದರೆ ಅಂಚು ಮತ್ತೆ ಮರೆಯಾಗುತ್ತದೆ, ಬರೀ ಅಂಚಿಗಿರಲಿ. ಎನಾಮಲ್ ಪೇಂಟು ಮಳೆಗಾಲದಲ್ಲಿ ಜಾರುತ್ತದೆ. ಜರಡಿ ಹಿಡಿದ ಸಣ್ಣ ಮರಳನ್ನು ಒದ್ದೆ ಪೇಂಟಿನ ಮೇಲೆ ಉದುರಿಸಿ ಒಣಗಿಸಿ, ಇಲ್ಲವೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಜಾರದ ಟೇಪ್ ಅಂಟಿಸಿ. ಹಿಡಿಕಂಬಿ ಕೊನೆಯ ಮೆಟ್ಟಿಲಿನಿಂದ ಒಂದಡಿ ಮುಂದಕ್ಕೆ ಚಾಚಿರಲಿ. ಕಂಬಿ ಮುಗಿಯಿತು ಎಂದರೆ ನೆಲ ಬಂತು ಎಂದು ಕೈಯೇ ಹೇಳುತ್ತದೆ. ಹೊಸ್ತಿಲಿಗೆ ಅರಿಶಿನ ಬಳಿದು ರಂಗೋಲಿ ಎಳೆಯುವ ಪದ್ಧತಿ ನಿಮ್ಮಲ್ಲಿದ್ದರೆ ಬಿಡಬೇಡಿ. ಕಪ್ಪು ಹೊಸ್ತಿಲಿನ ಮೇಲೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ, ಮಾಸುವ ಮೊದಲೇ ಮತ್ತೆ ಬಳಿಯಬೇಕು ಅಷ್ಟೇ.

ಅಡುಗೆಮನೆಯಲ್ಲಿ ಸ್ಟೀಲಿನ ಮೇಲೆ ಸ್ಟೀಲು ದೊಡ್ಡ ಶತ್ರು. ಹೊಳಪು ಅಂಚನ್ನು ನುಂಗುತ್ತದೆ. ಗೂಡಿನಲ್ಲಿ ಒಂದರ ಹಿಂದೊಂದು ಡಬ್ಬಿ ಇಡದೆ ಒಂದೇ ಸಾಲು ಇಡಿ. ಎರಡು ಡಬ್ಬಿಗಳ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಎಲ್ಲಕ್ಕೂ ಹೆಸರಿನ ಚೀಟಿ ಅಂಟಿಸಿದರೆ ಚೀಟಿಗಳೇ ಗೊಂದಲವಾಗುತ್ತವೆ. ದಿನಾ ಬೇಕಾಗುವ ಐದಾರಕ್ಕೆ ಮಾತ್ರ ಬೇರೆ ಬೇರೆ ಬಣ್ಣದ ಮುಚ್ಚಳವಿರಲಿ. ಹಾಲು ಬಗ್ಗಿಸಲು ಸ್ಟೀಲ್ ಲೋಟಕ್ಕಿಂತ ಒಳಗೆ ಕಡುಬಣ್ಣವಿರುವ ಪಿಂಗಾಣಿ ಕಪ್, ಮಜ್ಜಿಗೆ ಅನ್ನಕ್ಕೆ ಬಿಳಿ ತಟ್ಟೆಗಿಂತ ಬಣ್ಣದ ತಟ್ಟೆ. ಈರುಳ್ಳಿ ಹೆಚ್ಚಲು ಕಡುಬಣ್ಣದ ಮಣೆ, ಸೊಪ್ಪಿಗೆ ತಿಳಿಬಣ್ಣದ್ದು. ಮೆಟ್ಟುಗತ್ತಿಯ ಮುಂದೆ ಕೂರುವುದಾದರೆ ಬೆಳಕು ಹಿಂದಿನಿಂದ ಎಡಭುಜದ ಮೇಲೆ ಬೀಳಲಿ, ಅಲಗು ಮರಕ್ಕೆ ಕೂಡುವ ಕಡೆ ಕೆಂಪು ಟೇಪ್ ಸುತ್ತಿರಲಿ. ಸುತ್ತಲೂ ಜನ ಮಾತಾಡುತ್ತ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವಳನ್ನು ಕತ್ತಿಗೆ ಕೂರಿಸಬೇಡಿ.

ನೀವು ಹೇಳುವ ಮಾತೂ ಬದಲಾಗಬೇಕು. ‘ಅಲ್ಲೇ ಇದೆಯಲ್ಲ’ ಎಂದರೆ ಅವಳಿಗೆ ಏನೂ ಸಿಗುವುದಿಲ್ಲ. ‘ಎರಡನೇ ಸಾಲು, ಎಡಗಡೆ ಮೂಲೆ, ಹಸಿರು ಮುಚ್ಚಳ’ ಎನ್ನಿ. ಹುಡುಕುವುದನ್ನೂ ಕಲಿಸಬಹುದು: ಒಮ್ಮೆಗೇ ಇಡೀ ಗೂಡು ನೋಡದೆ, ಮೇಲಿನ ಸಾಲಿನ ಎಡತುದಿಯಿಂದ ಪ್ರತಿ ಡಬ್ಬಿಯನ್ನೂ ಬೆರಳಲ್ಲಿ ಮುಟ್ಟುತ್ತ, ಬೇಕಾದ್ದರ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಬಲಕ್ಕೆ ಹೋಗುವುದು. ಮುಟ್ಟುವ ಬೆರಳು ಕಣ್ಣನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತದೆ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಹೆಚ್ಚಿನವರಿಗೆ ಅದು ಗೊತ್ತಾಗುವುದಿಲ್ಲ, ಕೆಲವರ ಮಿದುಳಿಗೆ ತಟ್ಟುತ್ತದೆ. 1989ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಕಚೇರಿಯ ಅಧ್ಯಯನದಲ್ಲಿ, ಮಿಣುಕದ ಎಲೆಕ್ಟ್ರಾನಿಕ್ ಚೋಕ್ ಹಾಕಿದಾಗ ತಲೆನೋವು ಮತ್ತು ಕಣ್ಣುನೋವು ಅರ್ಧಕ್ಕಿಂತ ಕಡಿಮೆಯಾಯಿತು. ಕಳಪೆ ಎಲ್‌ಇಡಿ ಬಲ್ಬೂ ಮಿಣುಕುತ್ತದೆ. ಫೋನಿನ ಸ್ಲೋಮೋಷನ್ ವಿಡಿಯೋದಲ್ಲಿ ಬಲ್ಬನ್ನು ತೆಗೆದು ನೋಡಿ: ಬೆಳಕು ಮಿಡಿಯುತ್ತಿದ್ದರೆ ಅಥವಾ ಕಪ್ಪು ಪಟ್ಟಿಗಳು ಹರಿದರೆ ಆ ಬಲ್ಬು ಅವಳ ಕೋಣೆಗೆ ಬೇಡ. ವೋಲ್ಟೇಜ್ ಇಳಿದಾಗ, ಇನ್ವರ್ಟರಿಗೆ ಬದಲಾದಾಗ ಇನ್ನೊಮ್ಮೆ ನೋಡಿ, ಆಗಲೇ ಕೆಲವು ಬಲ್ಬುಗಳ ಬಣ್ಣ ಬಯಲಾಗುವುದು. ಹಾಸ್ಟೆಲಿನಲ್ಲಿ ಟ್ಯೂಬು ಬದಲಿಸುವುದು ಕೈಯಲ್ಲಿಲ್ಲದಿದ್ದರೆ ಓದಿಗೆ ಪ್ರತ್ಯೇಕ ಟೇಬಲ್ ಲ್ಯಾಂಪು ಸಾಕು. ಬೆಳ್ಳನೆಯ ಬಿಸಿಲಿನಿಂದ ಕತ್ತಲೆಯ ನಡುಮನೆಗೆ ಬರುವಾಗ ಜಗಲಿಯಲ್ಲಿ ಒಂದೆರಡು ನಿಮಿಷ ನಿಂತು ಬರುವ ಅಭ್ಯಾಸ ಒಳ್ಳೆಯದು.

ತೋಟದ ಮಾತು. ಸಾಲು ಸಾಲು ಅಡಿಕೆ ಮರದ ಕಾಂಡ, ಅದರ ಮೇಲಿನ ಬಿಳಿ ಉಂಗುರಗಳು, ನೆಲದ ಮೇಲೆ ಅಲುಗುವ ಬಿಸಿಲ ಚುಕ್ಕೆಗಳು, ಇವೆಲ್ಲ ಸೇರಿ ಆಳ ತಿಳಿಯದಂತೆ ಮಾಡುತ್ತವೆ. ಕಪ್ಪು ಎಂದು ತೋರುವುದು ನೆರಳೋ ಬಸಿಗಾಲುವೆಯೋ ಗೊತ್ತಾಗುವುದಿಲ್ಲ. ಕಾಲುಸಂಕದ ಎರಡೂ ತುದಿಗೆ ಸುಣ್ಣದ ಪಟ್ಟಿ ಬಳಿಸಿ, ಒಂದು ಬದಿಗಾದರೂ ಬಿದಿರಿನ ಹಿಡಿ ಕಟ್ಟಿಸಿ. ಅವಳ ಕೈಯಲ್ಲೊಂದು ಕೋಲಿದ್ದರೆ ನಾಚಿಕೆಪಡುವ ಕಾರಣವಿಲ್ಲ, ಮಳೆಗಾಲದಲ್ಲಿ ಎಲ್ಲರ ಕೈಯಲ್ಲೂ ಕೋಲೋ ಕೊಡೆಯೋ ಇರುತ್ತದೆ.

ಇದೇ ತೋಟದ ಕೆಲಸದಲ್ಲಿ ಅವಳ ಶಕ್ತಿಯೂ ಇರಬಹುದು. ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಆಕಾರವನ್ನು ಹುಡುಕುವ ಪರೀಕ್ಷೆಯಲ್ಲಿ ಆಟಿಸಂ ಇರುವ ಮಕ್ಕಳು ಬೇರೆಯವರನ್ನು ಮೀರಿಸಿದ್ದನ್ನು 1983ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಅಮಿತಾ ಶಾ ಮತ್ತು ಊಟಾ ಫ್ರಿತ್ ತೋರಿಸಿದರು. ಡಬ್ಬಿ ಸಿಗದವಳಿಗೆ ಅಡಿಕೆಯಲ್ಲಿನ ಸಣ್ಣ ಬಿರುಕು ಮೊದಲು ಕಾಣುವುದು ವಿಚಿತ್ರವೇನಲ್ಲ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯನ್ನು ದರ್ಜೆವಾರು ಆರಿಸುವಾಗ ದೊಡ್ಡ ಗುಡ್ಡೆಯ ಮುಂದೆ ಕೂರಿಸದೆ, ತಿಳಿಬಣ್ಣದ ಬಟ್ಟೆಯ ಮೇಲೆ ಎರಡು ಬೊಗಸೆಯಷ್ಟು ಹರಡಿ ಕೊಟ್ಟು ನೋಡಿ.

ಬಸ್ಸು, ಪೇಟೆ, ಮದುವೆ ಮನೆ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಮಂಡಗದ್ದೆಯ ಆಸುಪಾಸು ಮರಗಳ ನಡುವಿನ ದಾರಿ. ಬೆಳಗಿನ, ಸಂಜೆಯ ಓರೆ ಬಿಸಿಲು ಮರಗಳ ಸಂದಿಯಿಂದ ಕಣ್ಣಿಗೆ ಬಿಟ್ಟುಬಿಟ್ಟು ಹೊಡೆಯುತ್ತದೆ. ಬಿಸಿಲಿಲ್ಲದ ಬದಿಯ, ಕಿಟಕಿಯಿಂದ ದೂರದ, ಮುಂದಿನ ಸೀಟು ಹಿಡಿಯಲಿ. ಅಂಚಿರುವ ಟೋಪಿ ಸಹಾಯಕ. ತೀರಾ ಚುಚ್ಚಿದಾಗ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡರೆ ಮಿಣುಕಿನ ಪರಿಣಾಮ ತಕ್ಷಣ ತಗ್ಗುತ್ತದೆ. ಆ ಬೆಳಕಿಗೆ ಕೈ ಜಗ್ಗಿದಂತಾದರೆ ಅಥವಾ ಅರಿವು ತಪ್ಪಿದರೆ ಅದು ಫಿಟ್ಸಿನ ಲಕ್ಷಣವಿರಬಹುದು, ವೈದ್ಯರಿಗೆ ಹೇಳಲೇಬೇಕು.

ಬಸ್ ನಿಲ್ದಾಣದಲ್ಲಿ ಬರುತ್ತಿರುವ ಬಸ್ಸಿನ ಬೋರ್ಡು ಓದುವುದು ಎರಡು ಕಷ್ಟದ ಕೆಲಸಗಳನ್ನು ಒಮ್ಮೆಗೇ ಕೇಳುತ್ತದೆ, ಅಲುಗುವುದನ್ನು ಹಿಡಿಯುವುದು ಮತ್ತು ಒತ್ತೊತ್ತಾಗಿರುವುದನ್ನು ಬಿಡಿಸುವುದು. ಬಸ್ಸು ನಿಂತ ಮೇಲೆ ಬೋರ್ಡಿನ ಫೋಟೋ ತೆಗೆದು ಹಿಗ್ಗಿಸಿ ಓದಲಿ. ಅಥವಾ ಕಂಡಕ್ಟರನ್ನು ಕೇಳಲಿ, ಆದರೆ ‘ಇದು ಎಲ್ಲಿಗೆ’ ಎಂದಲ್ಲ, ‘ತೀರ್ಥಹಳ್ಳಿಗೆ ಹೋಗುತ್ತಾ ಅಣ್ಣ’ ಎಂದು. ಒಂದೇ ಪದದ ಉತ್ತರ ಗದ್ದಲದಲ್ಲೂ ಕಿವಿಗೆ ಬೀಳುತ್ತದೆ.

ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗುವುದೇ ದೊಡ್ಡ ಉಪಾಯ. ಅಂಗಡಿಗಳು ಸಿಗುವ ಕ್ರಮದಲ್ಲೇ ಪಟ್ಟಿ ಬರೆದಿರಲಿ, ಒಂದು ಸಲಕ್ಕೆ ಎರಡು ಮೂರು ಕೆಲಸವಷ್ಟೇ. ಸದ್ದು ತಗ್ಗಿದರೆ ನೋಟವೂ ಸುಧಾರಿಸುತ್ತದೆ, ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಬಹುದು, ರಸ್ತೆ ದಾಟುವಾಗ ಮಾತ್ರ ತೆಗೆಯಬೇಕು. ತಲೆ ಭಾರವಾಗಲು ಶುರುವಾದಾಗಲೇ ಹೊರಗೆ ಬರಬೇಕು, ‘ಇನ್ನೊಂದು ಅಂಗಡಿ ಮುಗಿಸೋಣ’ ಎಂದು ಎಳೆದರೆ ಮುಂದಿನ ಅರ್ಧ ದಿನ ಹೋಗುತ್ತದೆ. ಎಲ್ಲಿ ಹೋಗಿ ಹತ್ತು ನಿಮಿಷ ಕೂರುವುದು ಎಂಬುದು ಮನೆ ಬಿಡುವಾಗಲೇ ಗೊತ್ತಿರಲಿ.

ಮುಖದ ಗುರುತು ಹತ್ತದಿರುವುದಕ್ಕೆ 1947ರಲ್ಲಿ ಜರ್ಮನಿಯ ನರವೈದ್ಯ ಯೋಆಕಿಮ್ ಬೋಡಾಮರ್ ಪ್ರೊಸೋಪಾಗ್ನೋಸಿಯಾ ಎಂದು ಹೆಸರಿಟ್ಟರು. ಹುಟ್ಟಿನಿಂದ ಇದಿರುವವರು ನೂರಕ್ಕೆ ಸುಮಾರು ಇಬ್ಬರು ಎಂಬ ಅಂದಾಜಿದೆ, ಆಟಿಸಂ ಇರುವವರಲ್ಲಿ ಇದು ಇನ್ನೂ ಹೆಚ್ಚು. ಇದಕ್ಕೆ ಔಷಧವಿಲ್ಲ. ಅವಳು ದನಿ, ನಡಿಗೆ, ಜಡೆ, ಕನ್ನಡಕಗಳಿಂದ ಗುರುತು ಹಿಡಿಯುತ್ತಿರುತ್ತಾಳೆ. ಮದುವೆ ಮನೆಯಲ್ಲಿ ಎಲ್ಲರೂ ರೇಷ್ಮೆ ಸೀರೆಯುಟ್ಟು ತುರುಬು ಹಾಕಿ, ವಾದ್ಯದ ಸದ್ದಿನ ನಡುವೆ ನಿಂತರೆ ಆ ಗುರುತುಗಳೆಲ್ಲ ಒಮ್ಮೆಗೇ ಕಳೆದುಹೋಗುತ್ತವೆ. ನೀವು ಪಕ್ಕದಲ್ಲಿದ್ದು, ಯಾರಾದರೂ ಬಂದಾಗ ‘ಬನ್ನಿ ಚಿಕ್ಕಮ್ಮ, ಸಾಗರದಿಂದ ಯಾವಾಗ ಬಂದ್ರಿ’ ಎಂದು ನಂಟು ಮತ್ತು ಊರು ಎರಡನ್ನೂ ಗಟ್ಟಿಯಾಗಿ ಹೇಳಿಬಿಡಿ. ಅವಳ ಬಾಯಲ್ಲಿ ಬರುವಂತೆಯೇ ನೀವೂ ‘ಚಿಕ್ಕಮ್ಮ’ ಎಂದರೆ ಅವಳಿಗೆ ಅಷ್ಟು ಸಾಕು. ಹಿಂದಿನ ರಾತ್ರಿ ಬರುವವರ ಫೋಟೋಗಳನ್ನು ಒಮ್ಮೆ ತಿರುವಿಹಾಕಲಿ. ಹತ್ತಿರದ ನೆಂಟರಿಗೆ ವಿಷಯ ತಿಳಿಸಿ, ‘ನಾನು ಯಾರು ಹೇಳು ನೋಡೋಣ’ ಎಂಬ ಆಟವನ್ನು ದಯವಿಟ್ಟು ನಿಲ್ಲಿಸಿ ಎಂದು ಕೇಳಿಕೊಳ್ಳಿ. ಹಾಗೆಯೇ, ಮಾತಾಡುವಾಗ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂದು ಒತ್ತಾಯ ಬೇಡ. ಮುಖ ನೋಡುವ ಶ್ರಮ ತಪ್ಪಿದರೆ ಮಾತು ಚೆನ್ನಾಗಿ ತಲೆಗೆ ಹೋಗುತ್ತದೆ.

ಓದು, ಪರೀಕ್ಷೆ

ಕನ್ನಡ ಲಿಪಿ ಒತ್ತಣೆಯ ತೊಂದರೆಯಿರುವವರಿಗೆ ತನ್ನದೇ ಸವಾಲುಗಳನ್ನು ಒಡ್ಡುತ್ತದೆ. ವ-ಮ, ಪ-ಷ, ರ-ಠ, ದ-ಧ-ಥ, ಘ-ಫ ಒಂದು ಗೀಟಿನಲ್ಲೋ ಚುಕ್ಕೆಯಲ್ಲೋ ಬೇರೆಯಾಗುತ್ತವೆ. ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ. ‘ಧರ್ಮ’ದಲ್ಲಿ ಮೊದಲು ಉಚ್ಚರಿಸುವ ರಕಾರ ಬರಹದಲ್ಲಿ ಆಮೇಲೆ ಬರುತ್ತದೆ. ಹಾಗಾಗಿ ಅಕ್ಷರದ ಗಾತ್ರಕ್ಕಿಂತ ಸಾಲುಗಳ ನಡುವಿನ ಅಂತರ ಮುಖ್ಯ. ಕಂಪ್ಯೂಟರಿನಲ್ಲಾದರೆ 14ರಿಂದ 16 ಪಾಯಿಂಟ್, ಸಾಲಂತರ ಒಂದೂವರೆಗಿಂತ ಕಡಿಮೆ ಬೇಡ, ಬಲ ಅಂಚನ್ನು ಸಮ ಮಾಡುವುದು ಬೇಡ. ಪಠ್ಯಪುಸ್ತಕದ ಪುಟವನ್ನು ಎ4ನಿಂದ ಎ3ಗೆ ಜೆರಾಕ್ಸ್ ಮಾಡಿಸಿದರೆ 141 ಶೇಕಡಾಕ್ಕೆ ಹಿಗ್ಗುತ್ತದೆ, ಅಕ್ಷರವೂ ಅಂತರವೂ ಒಟ್ಟಿಗೆ. ತಿಳಿಕೆನೆ ಬಣ್ಣದ ಕಾಗದವಾದರೆ ಹೊಳಪೂ ತಗ್ಗುತ್ತದೆ. ಹೊಳಪಿಲ್ಲದ ಕಪ್ಪು ರಟ್ಟಿನಲ್ಲಿ ಒಂದೂವರೆ ಸಾಲಿನಷ್ಟು ಎತ್ತರದ ಕಿಂಡಿ ಕತ್ತರಿಸಿ ಪುಟದ ಮೇಲೆ ಜಾರಿಸುತ್ತ ಓದಿದರೆ ಸಾಲು ತಪ್ಪುವುದಿಲ್ಲ. ಒಂದೇ ಸಾಲಿಗೆ ಸರಿಯಾಗಿ ಕತ್ತರಿಸಿದರೆ ಒತ್ತಕ್ಷರಗಳು ಮುಚ್ಚಿಹೋಗುತ್ತವೆ, ಅದಕ್ಕೇ ಒಂದೂವರೆ.

ಬಿ.ಕಾಂ.ನ ಲೆಕ್ಕದ ಕೋಷ್ಟಕಗಳಲ್ಲಿ ಸಾಲು ಬಿಟ್ಟು ಸಾಲಿಗೆ ತಿಳಿಬಣ್ಣ ಎಳೆದುಕೊಳ್ಳಲಿ, ಡೆಬಿಟ್ ಕ್ರೆಡಿಟ್‌ಗಳಿಗೆ ಎರಡು ಬಣ್ಣದ ಪೆನ್ನಿರಲಿ. ಬೋರ್ಡಿನಿಂದ ನಕಲು ಮಾಡುವುದರ ಬದಲು ಫೋಟೋ ತೆಗೆಯಲು ಅಧ್ಯಾಪಕರ ಅನುಮತಿ ಕೇಳಿ. ಒಎಂಆರ್ ಹಾಳೆಯಲ್ಲಿ ಸ್ಕೇಲನ್ನು ಪ್ರಶ್ನೆಸಂಖ್ಯೆಯ ಕೆಳಗಿಟ್ಟು, ಸಂಖ್ಯೆಯನ್ನು ಮನಸ್ಸಿನಲ್ಲಿ ಓದಿ, ಆಮೇಲೆ ವೃತ್ತ ತುಂಬಲಿ. ಗೊತ್ತಿದ್ದ ಅಂಕ ಹೋಗುವುದು ಬಹುಪಾಲು ಅಲ್ಲೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಕೇಂದ್ರದ 2018ರ ಮಾರ್ಗಸೂಚಿ, ಶೇ 40 ಅಥವಾ ಹೆಚ್ಚಿನ ಪ್ರಮಾಣಪತ್ರವಿರುವ, ಬರವಣಿಗೆಯಲ್ಲಿ ಮಿತಿಯಿರುವ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದಿತು. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಿ, ವೈದ್ಯಕೀಯ ಮಂಡಳಿಯ ಮುಂದೆ ಹೋಗುವಾಗ ಆಟಿಸಂ ವರದಿಯ ಜೊತೆ ಆ ಎರಡು ವಾರದ ಪುಸ್ತಕವನ್ನೂ ಒಯ್ಯಿರಿ. ಕಾಲೇಜಿನಲ್ಲಿ ಸೆಮಿಸ್ಟರ್ ಶುರುವಾದಾಗಲೇ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಿ, ಹಾಲ್ ಟಿಕೆಟ್ ಬಂದ ಮೇಲೆ ಕೇಳಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಹಿಗ್ಗಿಸಿದ ಪ್ರಶ್ನೆಪತ್ರಿಕೆ, ಗೋಡೆಯ ಕಡೆಗಿನ ಡೆಸ್ಕು, ಮಿಣುಕುವ ಟ್ಯೂಬಿನಿಂದ ದೂರದ ಜಾಗ ಇವನ್ನೂ ಅದರಲ್ಲೇ ಬರೆಯಿರಿ.

ಬಣ್ಣದ ಕನ್ನಡಕ

ಈಗಲೇ ಬೇಡ. ಬಣ್ಣದ ಗಾಜಿನ ಕಲ್ಪನೆ 1980ರ ದಶಕದಿಂದ ಇದೆ. ಕೆಲವರು ತಮಗೆ ಹಿತವಾಯಿತು ಎನ್ನುತ್ತಾರೆ, ಅದನ್ನು ಸುಳ್ಳೆನ್ನುವುದಿಲ್ಲ. ಆದರೆ ಓದಿನ ತೊಂದರೆಯನ್ನು ಬಣ್ಣದ ಗಾಜು ಗುಣಪಡಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿವೆ. ಕಣ್ಣಿನ ವ್ಯಾಯಾಮವೂ ಅಷ್ಟೇ: ಕಣ್ಣು ಒಳಗೆ ತಿರುಗುವ ಶಕ್ತಿ ಕಡಿಮೆಯಿದ್ದವರಿಗೆ 12 ವಾರಗಳ ಚಿಕಿತ್ಸೆ ಫಲ ಕೊಡುತ್ತದೆಂದು 2008ರ ದೊಡ್ಡ ಪ್ರಯೋಗ ತೋರಿಸಿತು, ಅದರಿಂದ ಓದಿನ ಸಾಮರ್ಥ್ಯ ಹೆಚ್ಚಾಗಲಿಲ್ಲ ಎಂದು 2019ರ ಪ್ರಯೋಗ ತೋರಿಸಿತು.

ನಿಮಗೆ ಪರೀಕ್ಷಿಸಲೇಬೇಕೆನಿಸಿದರೆ ಸ್ಟೇಷನರಿ ಅಂಗಡಿಯಿಂದ ಪಾರದರ್ಶಕ ಬಣ್ಣದ ಫೈಲು ನಾಲ್ಕೈದು ತನ್ನಿ. ಒಂದು ದಿನ ಬಣ್ಣದ ಹಾಳೆಯಿಟ್ಟು, ಮರುದಿನ ಬಣ್ಣವಿಲ್ಲದ ಪಾರದರ್ಶಕ ಹಾಳೆಯಿಟ್ಟು, ಒಂದೇ ಮಟ್ಟದ ಹೊಸ ಹೊಸ ಭಾಗವನ್ನು ಒಂದು ನಿಮಿಷ ಗಟ್ಟಿಯಾಗಿ ಓದಿಸಿ ಪದ ಎಣಿಸಿ. ಹೀಗೆ ಎರಡು ವಾರ ಮಾಡಿದರೂ ಬಣ್ಣದ ದಿನಗಳು ಸ್ಪಷ್ಟವಾಗಿ ಮುಂದಿರದಿದ್ದರೆ ಕನ್ನಡಕದ ಯೋಚನೆ ಬಿಡಿ. ಮನೆಯೊಳಗೆ ಸದಾ ಕಪ್ಪು ಕನ್ನಡಕ ಹಾಕುವುದಂತೂ ಬೇಡವೇ ಬೇಡ, ಕಣ್ಣು ಕತ್ತಲೆಗೆ ಒಗ್ಗಿ ಬೆಳಕು ಇನ್ನಷ್ಟು ಚುಚ್ಚುತ್ತದೆ.

ಸ್ಕೂಟರ್

ಎಲ್‌ಎಲ್‌ಆರ್‌ಗೆ (ಕಲಿಯುವವರ ಪರವಾನಗಿಗೆ) ಕೊಡುವ ಸ್ವಯಂ ಘೋಷಣೆ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ ಎಂದು ಕೇಳುತ್ತದೆ. ನಿಮ್ಮ ಮಗಳಿಗೆ ಅದು ಕಾಣುತ್ತದೆ. ಎದುರಿನ ಬಸ್ಸು ಎಷ್ಟು ಹೊತ್ತಿನಲ್ಲಿ ಹತ್ತಿರ ಬರುತ್ತದೆ ಎಂದು ಅಂದಾಜಿಸಬಲ್ಲಳೇ ಎಂದು ಆ ಕಾಗದ ಕೇಳುವುದಿಲ್ಲ. ಆದ್ದರಿಂದ ನೀವು ಕೇಳಿ. ರಸ್ತೆಯಿಂದ ದೂರ, ಸುರಕ್ಷಿತ ಜಾಗದಲ್ಲಿ ಇಬ್ಬರೂ ನಿಂತು ಒಂದು ಕಂಬ ಗೊತ್ತುಮಾಡಿಕೊಳ್ಳಿ. ಬರುತ್ತಿರುವ ವಾಹನವನ್ನು ಎರಡು ಸೆಕೆಂಡು ನೋಡಿ ಅವಳು ಕಣ್ಣು ಮುಚ್ಚಲಿ, ಅದು ಕಂಬದ ಹತ್ತಿರ ಬಂತು ಎನಿಸಿದಾಗ ಕೈ ಎತ್ತಲಿ. ಆ ಹೊತ್ತು ಕಿವಿಯನ್ನೂ ಮುಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಸದ್ದಿನಿಂದಲೇ ತಿಳಿದುಬಿಡುತ್ತದೆ. ಇಪ್ಪತ್ತು ವಾಹನಗಳಿಗೆ ಹೀಗೆ ಮಾಡಿ. ವಾಹನ ಕಂಬ ದಾಟಿದ ಮೇಲೆಯೇ ಮತ್ತೆ ಮತ್ತೆ ಕೈ ಎತ್ತುತ್ತಿದ್ದರೆ ಸದ್ಯಕ್ಕೆ ಸ್ಕೂಟರ್ ಬೇಡ. ರಸ್ತೆ ದಾಟುವಾಗಲೂ ಸಿಗ್ನಲ್ ಇರುವಲ್ಲಿ, ನಾಲ್ಕು ಜನರ ಜೊತೆಯೇ ದಾಟಬೇಕು.

ಅಂದಾಜು ಬಹುಮಟ್ಟಿಗೆ ಸರಿಯಿದ್ದರೆ, ಕಣ್ಣಿನ ವರದಿಯಲ್ಲಿ ಆಳದ ಗ್ರಹಿಕೆ ಮತ್ತು ನೋಟದ ವ್ಯಾಪ್ತಿ ಸರಿಯಿದ್ದರೆ, ಫಿಟ್ಸ್ ಇಲ್ಲವೆಂದು ಖಚಿತವಿದ್ದರೆ, ಮೊದಲು ಸೈಕಲ್ಲಿನಿಂದ ಶುರುಮಾಡಿ. ಖಾಲಿ ಮೈದಾನದಲ್ಲಿ ಎರಡು ಇಟ್ಟಿಗೆಗಳ ನಡುವೆ ತೂರಿ ಹೋಗುವುದು, ಹೇಳಿದ ಗೆರೆಯ ಮೇಲೆ ನಿಲ್ಲಿಸುವುದು, ಹಿಂದೆ ತಿರುಗಿ ನೋಡಿದರೂ ನೇರ ಹೋಗುವುದು, ಈ ಮೂರೂ ಕೈಗೆ ಬಂದ ಮೇಲೆ ಗೇರಿಲ್ಲದ ಸ್ಕೂಟರ್, ಅದೇ ಮೈದಾನದಲ್ಲಿ. ಹಳ್ಳಿಯ ರಸ್ತೆಗೆ ಇಳಿಯುವುದು ಹಗಲಿನಲ್ಲಿ, ಮಳೆಯಿಲ್ಲದ ತಿಂಗಳಲ್ಲಿ. ಮುಸ್ಸಂಜೆ, ಮಂಜು, ಮಳೆ ಮತ್ತು ಘಾಟಿ ಈ ನಾಲ್ಕನ್ನು ಅವಳ ಪಟ್ಟಿಯಿಂದ ಖಾಯಂ ಆಗಿ ತೆಗೆದುಬಿಡಿ. ಆಗುಂಬೆ ಘಾಟಿಯ 14 ತಿರುವುಗಳನ್ನು ಬಸ್ಸಿನಲ್ಲೇ ಇಳಿಯಲಿ.